ದೇಹಸ್ಥೈರ್ಯದ ಅಂಕಗಣಿತ: ಸೇವೆಗೋ, ತೀರ್ಪಿಗೋ?

ಶರೀರದ ನಾನಾ ವ್ಯಾಪಾರಗಳನ್ನು ಅಳೆದು, ತೂಗಿ, ಕೂಡಿಸಿ, ಕೊನೆಗೆ ಒಂದೇ ಅಂಕೆಯಲ್ಲಿ ‘ಈ ದೇಹವು ಇಷ್ಟರಮಟ್ಟಿಗೆ ಸ್ಥಿರ, ಇಷ್ಟರಮಟ್ಟಿಗೆ ಅಸ್ಥಿರ’ ಎಂದು ಹೇಳುವ ವಿದ್ಯೆಯೊಂದು ಕಳೆದ ನಾಲ್ಕು ದಶಕಗಳಿಂದ ವೈದ್ಯಲೋಕದಲ್ಲಿ ಬೆಳೆದು ನಿಂತಿದೆ. ತೀವ್ರ ನಿಗಾ ಘಟಕದ ಹಾಸಿಗೆಯ ಬಳಿಯ ತಖ್ತೆಯಿಂದ ಹಿಡಿದು ಶ್ರೀಮಂತರ ಮಣಿಕಟ್ಟಿನ ಗಡಿಯಾರದವರೆಗೆ ಈ ಅಂಕೆಯ ಸಂಚಾರವುಂಟು. ಇದು ಉಪಕಾರಿಯಾದ ವಿದ್ಯೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಪಕಾರಿಯಾದ ಸೇವಕನು ಯಜಮಾನನ ಗದ್ದುಗೆಯನ್ನೇರಿದರೆ ಏನಾಗುವುದೋ ಅದೇ ಅಪಾಯ ಈಗ ಇಲ್ಲಿಯೂ ತಲೆದೋರಿದೆ. ಅಂಕವು ರೋಗಿಯ ಬಳಿಗೆ ವೈದ್ಯನನ್ನು ಕರೆಯುವ ಗಂಟೆಯಾಗಬೇಕು. ರೋಗಿಯ ಮೇಲೆ ಬರೆಯುವ ತೀರ್ಪಾಗಬಾರದು. ಈ ಭೇದವನ್ನು ಮರೆತವರು ಗಣಿತಕ್ಕೂ ಅಪಚಾರ ಮಾಡುತ್ತಾರೆ, ಜೀವಕ್ಕೂ ಅಪಚಾರ ಮಾಡುತ್ತಾರೆ.

ಇದನ್ನು ಗಣಿತದ್ವೇಷವೆಂದು ಯಾರೂ ತಿಳಿಯಬೇಕಾಗಿಲ್ಲ. ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನೂ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯನೂ ಒಂಬತ್ತನೆಯ ಶತಮಾನದವರು; ಇಬ್ಬರ ಹೆಸರೂ ರಾಷ್ಟ್ರಕೂಟ ಅಮೋಘವರ್ಷನ ಕಾಲದೊಡನೆ ಸೇರಿಕೊಂಡಿದೆ. ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದ ರಾಜಾದಿತ್ಯನೂ ಜೈನನೇ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ವೈದ್ಯಶಾಸ್ತ್ರದಲ್ಲಿಯೂ ಪಾರಂಗತರೆಂದು ಪರಂಪರೆಯು ಕೊಂಡಾಡುವ ಪೂಜ್ಯಪಾದರ ನೆನಪನ್ನು ಇಂದಿಗೂ ಹೊತ್ತು ನಿಂತಿದೆ. ಲೆಕ್ಕವನ್ನೂ ಚಿಕಿತ್ಸೆಯನ್ನೂ ಒಂದೇ ಸೂರಿನಡಿ ಬೆಳೆಸಿದ ಸಮಾಜವು ಅಂಕೆಗೆ ಹೆದರಲಾರದು. ಲೆಕ್ಕ ಬಲ್ಲವನಿಗೇ ಲೆಕ್ಕದ ಮಿತಿಯೂ ಗೊತ್ತಿರಬೇಕು ಎಂಬುದಷ್ಟೇ ಇಲ್ಲಿನ ವಾದ.

ಮೊದಲು ಈ ವಿದ್ಯೆಯ ಸ್ವರೂಪವನ್ನು ತಿಳಿಯೋಣ. ಹೊರಗಿನ ಚಳಿ, ಬಿಸಿಲು, ಹಸಿವು, ಶ್ರಮಗಳ ನಡುವೆಯೂ ದೇಹವು ತನ್ನೊಳಗಿನ ಉಷ್ಣತೆ, ಉಪ್ಪು, ಸಕ್ಕರೆ, ಆಮ್ಲಜನಕ ಮುಂತಾದವುಗಳನ್ನು ಒಂದು ಮಿತಿಯೊಳಗೆ ಕಾಯ್ದುಕೊಳ್ಳುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1932ರ ತನ್ನ ಗ್ರಂಥದಲ್ಲಿ ಇದನ್ನೇ ದೇಹದ ವಿವೇಕವೆಂದು ಕರೆದನು. ಈ ಸಮತೋಲ ಎಷ್ಟು ಕೆಟ್ಟಿದೆ ಎಂಬುದನ್ನು ಅಂಕೆಗೆ ಇಳಿಸುವ ಯತ್ನವು 1981ರಲ್ಲಿ ವಿಲಿಯಂ ನಾಸ್ ಮತ್ತು ಸಂಗಡಿಗರ ‘ಅಪಾಚೆ’ ಎಂಬ ಪದ್ಧತಿಯೊಡನೆ ಪ್ರಸಿದ್ಧಿಗೆ ಬಂದಿತು. 1985ರಲ್ಲಿ ಅದನ್ನು ಪರಿಷ್ಕರಿಸಿ, ಹನ್ನೆರಡು ಶಾರೀರಿಕ ಅಳತೆಗಳಿಗೆ ವಯಸ್ಸನ್ನೂ ಹಳೆಯ ಕಾಯಿಲೆಗಳನ್ನೂ ಸೇರಿಸಿ, ಸೊನ್ನೆಯಿಂದ 71ರವರೆಗಿನ ಅಂಕವನ್ನು ರೂಪಿಸಲಾಯಿತು. 1996ರಲ್ಲಿ ಬಂದ ‘ಸೋಫಾ’ ಎಂಬುದು ಶ್ವಾಸಕೋಶ, ರಕ್ತ, ಯಕೃತ್ತು, ರಕ್ತಪರಿಚಲನೆ, ಮಿದುಳು, ಮೂತ್ರಪಿಂಡ ಎಂಬ ಆರಕ್ಕೆ ತಲಾ ನಾಲ್ಕರಂತೆ ಒಟ್ಟು 24 ಅಂಕಗಳನ್ನಿಟ್ಟಿತು. 2012ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಪ್ರಕಟಿಸಿ, 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ ಎಂಬ ಮುನ್ನೆಚ್ಚರಿಕೆಯ ಅಂಕವು ಇನ್ನೂ ಸರಳ. ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕ, ರಕ್ತದೊತ್ತಡ, ನಾಡಿ, ಎಚ್ಚರ, ಮೈಯ ಶಾಖ ಎಂಬ ಆರನ್ನು ನೋಡಿ ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವುದು. ರೋಗಿಯು ಆಮ್ಲಜನಕದ ಆಸರೆಯಲ್ಲಿದ್ದರೆ ಎರಡನ್ನು ಸೇರಿಸುವುದು. ಮೊತ್ತವು ಐದಾದರೆ ತುರ್ತು ಪರೀಕ್ಷೆ, ಏಳಾದರೆ ಕೂಡಲೇ ನುರಿತವರ ತಂಡ ಧಾವಿಸಬೇಕು.

ಇದರ ಉಪಕಾರವನ್ನು ಮರೆಮಾಚುವುದು ಅಪ್ರಾಮಾಣಿಕತೆಯಾದೀತು. ನಲವತ್ತು ಹಾಸಿಗೆಗಳ ವಾರ್ಡಿನಲ್ಲಿ ಇಬ್ಬರೇ ದಾದಿಯರು ರಾತ್ರಿಯನ್ನು ಕಳೆಯಬೇಕಾದಲ್ಲಿ, ನರಳುವ ರೋಗಿಯ ಕಡೆಗೆ ಎಲ್ಲರ ಗಮನ ಹರಿದು, ಸದ್ದಿಲ್ಲದೆ ಕುಸಿಯುವ ರೋಗಿಯು ಮರೆತುಹೋಗುವ ಸಂಭವವುಂಟು. ಅಂಥಲ್ಲಿ ಈ ತಖ್ತೆಯು ಮೌನಿಯ ಪರವಾಗಿ ಕೂಗುತ್ತದೆ. ಅನುಭವವಿಲ್ಲದ ಕಿರಿಯ ದಾದಿಯೂ ‘ಮೊತ್ತ ಏಳಾಗಿದೆ’ ಎಂದು ಹೇಳಿ ಹಿರಿಯ ವೈದ್ಯರನ್ನು ನಿದ್ರೆಯಿಂದ ಎಬ್ಬಿಸಬಹುದು. ಬಡವನ ನಾಡಿಗೂ ಬಲ್ಲಿದನ ನಾಡಿಗೂ ಒಂದೇ ತೂಕ. ಇಷ್ಟರಮಟ್ಟಿಗೆ ಅಂಕವು ಅನುಕಂಪೆಯ ಸಾಧನವೇ ಸರಿ. ಆಕ್ಷೇಪವು ಇಲ್ಲಿಂದ ಮುಂದಕ್ಕೆ.

ಮೊದಲನೆಯ ಆಕ್ಷೇಪ: ಮೊತ್ತವು ಸ್ವಂತ ಬಂಡವಾಳವನ್ನೂ ಸಾಲದ ಬಂಡವಾಳವನ್ನೂ ಪ್ರತ್ಯೇಕಿಸಿ ತೋರಿಸದು. ಅಢಾವೆ ಪತ್ರಿಕೆಯನ್ನು ಓದಬಲ್ಲ ಯಾವ ವರ್ತಕನೂ ಕೇವಲ ಕೆಳಗಿನ ಮೊತ್ತವನ್ನು ನೋಡಿ ಅಂಗಡಿಯು ಗಟ್ಟಿಯೆಂದು ನಂಬುವುದಿಲ್ಲ. ಸರಕು ಯಾರದು, ಸಾಲ ಎಷ್ಟು, ಸಾಲ ಕೊಟ್ಟವನು ನಾಳೆ ಕೇಳಿದರೆ ಗತಿಯೇನು ಎಂದು ವಿಚಾರಿಸುತ್ತಾನೆ. ದೇಹದ ವಿಷಯದಲ್ಲಿ ಈ ವಿಚಾರಣೆಯೇ ಲೋಪವಾಗುತ್ತದೆ. ಒಂದು ಉದಾಹರಣೆಯನ್ನು ನೋಡಬಹುದು. ಮೊದಲನೆಯ ರೋಗಿಯು ಬರಿಯ ಗಾಳಿಯನ್ನು ಉಸಿರಾಡುತ್ತಿದ್ದಾನೆ. ಆಮ್ಲಜನಕದ ಪ್ರಮಾಣ ಶೇಕಡಾ 93. ಉಳಿದೆಲ್ಲ ಅಳತೆಗಳೂ ಸರಿಯಾಗಿವೆ. ‘ನ್ಯೂಸ್’ ಪ್ರಕಾರ ಅವನ ಅಂಕ ಎರಡು. ಎರಡನೆಯವನು ಮೂಗಿಗೆ ಆಮ್ಲಜನಕದ ನಳಿಕೆಯನ್ನು ತೊಟ್ಟು ಮಲಗಿದ್ದಾನೆ, ಪ್ರಮಾಣ ಶೇಕಡಾ 96, ಉಳಿದೆಲ್ಲವೂ ಸರಿ. ಆಸರೆಗಾಗಿ ಸೇರಿಸಿದ ಎರಡು ಅವನ ಒಟ್ಟು ಅಂಕ. ಇಬ್ಬರೂ ಕಾಗದದ ಮೇಲೆ ಸಮಾನರು. ಈಗ ಕೊಳವೆಯಲ್ಲಿ ಆಮ್ಲಜನಕ ನಿಂತಿತೆಂದು ಭಾವಿಸಿರಿ. ಮೊದಲನೆಯವನಿಗೆ ಏನೂ ಆಗದು. ಎರಡನೆಯವನ ಪ್ರಮಾಣವು ಶೇಕಡಾ 91ಕ್ಕಿಂತ ಕೆಳಗಿಳಿದರೆ ಮೂರು, ಉಸಿರಾಟವು ನಿಮಿಷಕ್ಕೆ 25ನ್ನು ದಾಟಿದರೆ ಮೂರು, ನಾಡಿಯು 111ನ್ನು ಮುಟ್ಟಿದರೆ ಎರಡು, ಹೀಗೆ ಕೆಲವೇ ನಿಮಿಷಗಳಲ್ಲಿ ಅವನು ಎಂಟನ್ನು ಸೇರುತ್ತಾನೆ. ಇನ್ನೂ ವಿಚಿತ್ರವೆಂದರೆ, ಆಮ್ಲಜನಕ ನಿಂತ ಮೊದಲ ಕ್ಷಣದಲ್ಲಿ, ಉಳಿದ ಅಳತೆಗಳು ಕದಲುವ ಮುನ್ನ ಲೆಕ್ಕ ಹಾಕಿದರೆ, ಆಸರೆಯ ಎರಡಂಕ ಕಳೆದು ಅವನ ಮೊತ್ತ ಸೊನ್ನೆಯಾಗುತ್ತದೆ! ಸಾವಿನ ಬಾಗಿಲು ತೆರೆದ ಗಳಿಗೆಯಲ್ಲಿ ಲೆಕ್ಕದ ಪುಸ್ತಕವು ‘ಸಂಪೂರ್ಣ ಸ್ಥಿರ’ ಎಂದು ಬರೆಯುತ್ತದೆ.

ಇದು ಕೇವಲ ತರ್ಕದ ಆಟವೆಂದು ಚಾಮರಾಜನಗರದವರು ಯಾರೂ ಹೇಳಲಾರರು. 2021ರ ಮೇ 2ರ ರಾತ್ರಿಯಿಂದ ಮೇ 3ರ ಬೆಳಗಿನೊಳಗಾಗಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಅಸುನೀಗಿದರು. ಆಮ್ಲಜನಕವು ಮೈಸೂರಿನ ಕಡೆಯಿಂದ ಬರಬೇಕಾಗಿತ್ತು. ಬೇಕಾದ ಹೊತ್ತಿಗೆ ಬರಲಿಲ್ಲ. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂಬ ಹೇಳಿಕೆ ಸರ್ಕಾರದ ಕಡೆಯಿಂದ ಮೊದಲು ಬಂದಿತು. ಉಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ನೇಮಿಸಿದ ಸಮಿತಿಯಾದರೋ ಆಮ್ಲಜನಕದ ಕೊರತೆಯನ್ನೇ ಬೊಟ್ಟುಮಾಡಿ ತೋರಿಸಿತು. ಮೂರೋ ಇಪ್ಪತ್ತನಾಲ್ಕೋ ಎಂಬ ಈ ವ್ಯತ್ಯಾಸದಲ್ಲಿಯೇ ವಿಚಾರಶೀಲರು ಗಮನಿಸಬೇಕಾದ ಮರ್ಮವಿದೆ. ಆ ರಾತ್ರಿ ಯಾವುದೋ ಅಂಕಪದ್ಧತಿಯು ಯಾರನ್ನೋ ಕೊಂದಿತೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ದೇಹದ ಅಸ್ಥಿರತೆಯ ಅಂಕವನ್ನೇ ಪರಮಪ್ರಮಾಣವಾಗಿ ಹಿಡಿದರೆ ಏನಾದೀತು? ಅಧಿಕ ಅಂಕವಿದ್ದವನ ಸಾವನ್ನೆಲ್ಲ ರೋಗದ ಖಾತೆಗೆ ಬರೆದು, ತೊಟ್ಟಿ ಬರಿದಾದುದಕ್ಕೆ ಹೊಣೆಗಾರರನ್ನು ಹುಡುಕುವ ಗೋಜೇ ಇಲ್ಲದಂತೆ ಕಿರ್ದಿಯನ್ನು ಮುಚ್ಚಬಹುದು. ‘ಹೇಗೂ ಉಳಿಯುತ್ತಿರಲಿಲ್ಲ’ ಎಂಬ ಮಾತಿಗೆ ಗಣಿತದ ಅಂಗಿ ತೊಡಿಸಿದಂತಾಗುತ್ತದೆ. ಉಸಿರಿಗಾಗಿ ಇನ್ನೊಬ್ಬರ ಆಸರೆಯಲ್ಲಿರುವ ದೇಹದ ಸ್ಥಿರತೆಯು ಆ ದೇಹದೊಳಗೆ ಮಾತ್ರ ಇರುವುದಿಲ್ಲ. ತೊಟ್ಟಿಯಲ್ಲಿ, ಲಾರಿಯಲ್ಲಿ, ಅಧಿಕಾರಿಯ ದೂರವಾಣಿಯಲ್ಲಿ, ರಾತ್ರಿಪಾಳಿಯವನ ಎಚ್ಚರದಲ್ಲಿ ಹಂಚಿಹೋಗಿರುತ್ತದೆ. ಅದನ್ನು ಅಳೆಯದ ಅಂಕವು ಅರ್ಧ ಲೆಕ್ಕ.

ಎರಡನೆಯ ಆಕ್ಷೇಪ: ‘ಸಹಜ’ ಎಂಬ ಅಳತೆಗೋಲು ಯಾರ ದೇಹದಿಂದ ಬಂದುದು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಗಣಿತವು ಭಾರತದ್ದೇ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಲನೊಬಿಸ್ ಅವರು 1936ರಲ್ಲಿ ಪ್ರಕಟಿಸಿದ ‘ದೂರ’ದ ಸೂತ್ರವು, ಅನೇಕ ಅಳತೆಗಳನ್ನು ಅವುಗಳ ಪರಸ್ಪರ ಸಂಬಂಧದೊಡನೆ ಒಟ್ಟಿಗೆ ಪರಿಗಣಿಸಿ, ಒಂದು ಘಟಕವು ಸಮೂಹದ ಕೇಂದ್ರದಿಂದ ಎಷ್ಟು ದೂರವಿದೆಯೆಂದು ಹೇಳುತ್ತದೆ. 2013ರಲ್ಲಿ ಕೆನಡಾದ ಅಲನ್ ಕೋಹೆನ್ ಮತ್ತು ಸಂಗಡಿಗರು ಇದೇ ಸೂತ್ರವನ್ನು ರಕ್ತಪರೀಕ್ಷೆಯ ಅಂಕೆಗಳಿಗೆ ಅನ್ವಯಿಸಿ, ವೃದ್ಧಾಪ್ಯದಲ್ಲಿ ಶರೀರದ ಒಟ್ಟು ಸಮತೋಲವು ಹೇಗೆ ಸಡಿಲವಾಗುತ್ತದೆಂದು ತೋರಿಸಿದರು. ಸುಂದರವಾದ ಗಣಿತ. ಆದರೆ ದೂರವೆಂದರೆ ಯಾವುದರಿಂದ ದೂರ? ಕೇಂದ್ರವನ್ನು ಆರಿಸುವವನು ಮನುಷ್ಯ. ಬೇರೊಂದು ದೇಶದ, ಬೇರೊಂದು ಆಹಾರದ, ಬೇರೊಂದು ದುಡಿಮೆಯ ಜನರನ್ನು ಕೇಂದ್ರವಾಗಿಟ್ಟರೆ ಗುಂಡ್ಲುಪೇಟೆಯ ಅರಿಶಿನದ ಹೊಲದಲ್ಲಿ ದುಡಿಯುವವಳು ಕೇವಲ ಭಿನ್ನಳಾಗಿರುವ ಕಾರಣಕ್ಕೆ ಅಸ್ಥಿರಳೆನಿಸುತ್ತಾಳೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡಗೋಲು ಕಣದ ರಕ್ತಹೀನತೆಯಿದೆ ಎಂಬುದು ಅಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ ಡಾ. ಎಚ್. ಸುದರ್ಶನ್ ಅವರು ಬೆಟ್ಟದ ಮೇಲೆ ಉಳಿದು ದುಡಿದುದರಿಂದ ಲೋಕಕ್ಕೆ ಚೆನ್ನಾಗಿ ತಿಳಿಯಿತು. ದೂರದ ಊರಿನ ಸರಾಸರಿಯನ್ನು ಹಿಡಿದು ಕುಳಿತಿದ್ದರೆ ಅದು ತಿಳಿಯುತ್ತಿರಲಿಲ್ಲ.

ಸಮೂಹದ ಮಾತಿರಲಿ, ವ್ಯಕ್ತಿಯ ವಿಷಯದಲ್ಲಿಯೂ ಹೀಗೆಯೇ. ರಕ್ತದೊತ್ತಡದ ಮೇಲಿನ ಅಂಕೆಯು ವರ್ಷಗಳಿಂದ 170ರಲ್ಲಿಯೇ ಇದ್ದ ತೆರಕಣಾಂಬಿಯ ತರಕಾರಿ ವ್ಯಾಪಾರಿಯೊಬ್ಬನು ಜ್ವರದಿಂದ ಬಳಲಿ ಬಂದಾಗ ಅದು 115 ಇದೆಯೆಂದು ಊಹಿಸೋಣ. ‘ನ್ಯೂಸ್’ ಅದಕ್ಕೆ ಸೊನ್ನೆ ಕೊಡುತ್ತದೆ, ಅಂದರೆ ಚಿಂತೆಯಿಲ್ಲ. ಅವನ ಹಳೆಯ ಚೀಟಿಯನ್ನು ಬಲ್ಲ ಊರಿನ ವೈದ್ಯನಾದರೋ ಗಾಬರಿಗೊಳ್ಳುತ್ತಾನೆ. ಇದಕ್ಕೆ ಪ್ರತಿಯಾಗಿ, ಗದ್ದೆಯ ದುಡಿಮೆಯಿಂದ ಗಟ್ಟಿಯಾದ ಮೈಯವನ ನಾಡಿಯು ವಿಶ್ರಾಂತಿಯಲ್ಲಿ 48 ಇದ್ದರೆ ಆ ಆರೋಗ್ಯವಂತನಿಗೆ ಒಂದು ದಂಡದ ಅಂಕ ಬೀಳುತ್ತದೆ. ಅಳೆಯುವ ಯಂತ್ರವೂ ನಿಷ್ಪಕ್ಷಪಾತಿಯಲ್ಲ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕವು ಶೇಕಡಾ 92ರಿಂದ 96 ಎಂದು ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ ಕೊರತೆಯಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇಕಡಾ 3.6 ಆಗಿದ್ದರೆ ಕಪ್ಪುವರ್ಣೀಯರಲ್ಲಿ ಶೇಕಡಾ 11.7 ಎಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟಿಸಿತು. ಮೈಬಣ್ಣಕ್ಕೆ ತಕ್ಕಂತೆ ತೂಕ ಬದಲಿಸುವ ತಕ್ಕಡಿಯನ್ನು ಸಂತೆಯಲ್ಲಿ ಯಾರಾದರೂ ಒಪ್ಪುವರೆ? ಕೊರೋನಾ ಕಾಲದಲ್ಲಿ ಶೇಕಡಾ 94 ಎಂಬ ಗೆರೆಯ ಆಚೆಗೋ ಈಚೆಗೋ ಎಂಬುದರ ಮೇಲೆ ಹಾಸಿಗೆ ಸಿಗುವುದೂ ಸಿಗದಿರುವುದೂ ನಿಂತಿದ್ದಾಗ, ಆ ಗೆರೆಯನ್ನು ಎಳೆದುದು ಇಂಥ ತಕ್ಕಡಿಯೇ ಎಂಬುದನ್ನು ನೆನೆಯಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗುರುತರವಾದುದು. ವರ್ಣಿಸಲೆಂದು ಹುಟ್ಟಿದ ಅಂಕವು ಕಾಲಕ್ರಮೇಣ ವಿಧಿಸುವ ಅಂಕವಾಗುತ್ತದೆ. ‘ಸೋಫಾ’ವನ್ನು ರೂಪಿಸಿದ ತಜ್ಞರು, ಇದು ರೋಗಿಯ ಅವಯವಗಳ ಕುಸಿತವನ್ನು ದಿನದಿನಕ್ಕೆ ವಿವರಿಸಲಿಕ್ಕಾಗಿಯೇ ಹೊರತು ಬದುಕುತ್ತಾನೋ ಸಾಯುತ್ತಾನೋ ಎಂದು ಭವಿಷ್ಯ ನುಡಿಯಲಿಕ್ಕಲ್ಲ ಎಂದು ಮೊದಲಿಗೇ ತಿಳಿಸಿದ್ದರು. ಎರಡು ದಶಕಗಳು ತುಂಬುವುದರೊಳಗೆ, 2015ರಲ್ಲಿ, ನ್ಯೂಯಾರ್ಕ್ ರಾಜ್ಯದ ಮಾರ್ಗಸೂಚಿಯು ಮಹಾಮಾರಿಯ ಕಾಲದಲ್ಲಿ ಕೃತಕ ಉಸಿರಾಟದ ಯಂತ್ರವನ್ನು ಯಾರಿಗೆ ಕೊಡಬೇಕು, ಯಾರಿಗೆ ಕೂಡದು ಎಂಬ ನಿರ್ಣಯಕ್ಕೆ ಅದೇ ಅಂಕವನ್ನು ಆಧಾರವಾಗಿಸಿತು. ಅಪಾಚೆಯ ಅಂಕವೂ ಸಮೂಹದ ಲೆಕ್ಕಕ್ಕೆ ಹೊಂದುವಷ್ಟು ಒಬ್ಬನ ಲೆಕ್ಕಕ್ಕೆ ಹೊಂದದು. ಇಂಥ ಅಂಕವುಳ್ಳ ನೂರು ಮಂದಿಯಲ್ಲಿ ಅರುವತ್ತು ಮಂದಿ ತೀರಿಕೊಳ್ಳುವರೆಂದು ಮಾದರಿಯು ಹೇಳಿತೆಂದುಕೊಳ್ಳೋಣ. ಅದರ ಮಾತು ನಿಜವೇ ಆಗಿರಬಹುದು. ಆದರೆ ಮುಂದಿರುವ ಹಾಸಿಗೆಯಲ್ಲಿ ಮಲಗಿರುವವಳು ಅರುವತ್ತರಲ್ಲಿ ಒಬ್ಬಳೋ ನಲವತ್ತರಲ್ಲಿ ಒಬ್ಬಳೋ ಎಂಬುದನ್ನು ಅದು ಹೇಳಲಿಲ್ಲ, ಹೇಳಲಾರದು. ಗೊತ್ತಿಲ್ಲದುದನ್ನು ಗೊತ್ತಿದೆಯೆಂದು ಭಾವಿಸಿ ಆಕೆಯ ನಳಿಕೆಯನ್ನು ತೆಗೆದರೆ ಮಾದರಿಯ ಭವಿಷ್ಯವಾಣಿ ತಾನಾಗಿಯೇ ಫಲಿಸುತ್ತದೆ. ಆಮೇಲೆ ಅದೇ ಸಾವನ್ನು ಮಾದರಿಯ ಸತ್ಯತೆಗೆ ಸಾಕ್ಷಿಯಾಗಿ ಬರೆದುಕೊಳ್ಳಲಾಗುತ್ತದೆ. ಇದಕ್ಕಿಂತ ದೊಡ್ಡ ಲೆಕ್ಕದ ವಂಚನೆ ಯಾವುದಿದ್ದೀತು?

ಇಲ್ಲೊಂದು ಪ್ರತಿವಾದವನ್ನು ಎದುರಿಸಬೇಕು. ಹತ್ತು ಯಂತ್ರಗಳಿದ್ದು ಇಪ್ಪತ್ತು ಮಂದಿ ರೋಗಿಗಳು ಬಂದಾಗ ಯಾರಿಗೆ ಎಂಬ ನಿರ್ಣಯ ಆಗಲೇಬೇಕಲ್ಲವೆ? ಅಂಕ ಬೇಡವೆಂದರೆ ಶಿಫಾರಸು, ಜಾತಿ, ಹಣಗಳೇ ನಿರ್ಣಯಿಸುವುವಲ್ಲವೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಶಿಫಾರಸಿಗಿಂತ ಅಂಕವು ಮೇಲೆಂಬುದು ನಿರ್ವಿವಾದ. ಆದರೆ ಇದು ಪ್ರಶ್ನೆಯ ಕೊನೆಯ ಭಾಗ ಮಾತ್ರ. ಇಪ್ಪತ್ತು ಮಂದಿಗೆ ಹತ್ತೇ ಯಂತ್ರಗಳಿರುವಂತೆ ಮಾಡಿದವರಾರು ಎಂಬ ಮೊದಲ ಭಾಗವನ್ನು ಅಂಕವು ನುಂಗಿಬಿಡುತ್ತದೆ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ಚಾಮರಾಜನಗರಕ್ಕೆ ವೈದ್ಯಕೀಯ ಕಾಲೇಜು ಬಂದುದು 2016ರಲ್ಲಿ. ಗುಂಡ್ಲುಪೇಟೆಯಲ್ಲಿ ಕಾಯಿಲೆ ಬಿಗಡಾಯಿಸಿದವನಿಗೆ ಮೈಸೂರು ಸುಮಾರು ಅರುವತ್ತು ಕಿಲೋಮೀಟರು ದೂರ. ಹೊರಡುವಾಗಿನ ಅಂಕವೇ ಬೇರೆ, ತಲುಪುವಾಗಿನ ಅಂಕವೇ ಬೇರೆ. ಆ ವ್ಯತ್ಯಾಸವು ರೋಗದ್ದಲ್ಲ, ದಾರಿಯದು. ದಾರಿಯ ಪಾಪವನ್ನು ರೋಗಿಯ ಅಂಕಕ್ಕೆ ಸೇರಿಸಿ, ಆ ಅಂಕದ ಆಧಾರದಿಂದಲೇ ಅವನನ್ನು ಹಿಂದಕ್ಕೆ ನೂಕುವುದು ನ್ಯಾಯವಲ್ಲ.

ಇನ್ನು ಗಡಿಯಾರಗಳ ಮತ್ತು ತಪಾಸಣಾ ಕಂಪನಿಗಳ ಅಂಕಗಳ ವಿಷಯ. ‘ನ್ಯೂಸ್’ ಮುಂತಾದುವುಗಳ ಲೆಕ್ಕವಾದರೂ ಬಹಿರಂಗ; ಯಾರು ಬೇಕಾದರೂ ಕೂಡಿ ನೋಡಬಹುದು. ಈ ಹೊಸ ವ್ಯಾಪಾರಿಗಳಲ್ಲಿ ಹಲವರ ಸೂತ್ರವು ಗುಟ್ಟು. ಸಂತೆಯಲ್ಲಿ ಅರಿಶಿನ ತೂಗುವ ತಕ್ಕಡಿಗೂ ತೂಕದ ಬಟ್ಟಿಗೂ ಸರ್ಕಾರದ ಮುದ್ರೆ ಬೇಕು. ಮುದ್ರೆಯಿಲ್ಲದ ತೂಕವನ್ನು ಇಟ್ಟುಕೊಂಡವನಿಗೆ ದಂಡವುಂಟು. ದೇಹವನ್ನು ತೂಗುವ ಸೂತ್ರಕ್ಕೆ ಮುದ್ರೆ ಎಲ್ಲಿದೆ? ಅದನ್ನು ಈ ನಾಡಿನ ಜನರ ಮೇಲೆ ಪರೀಕ್ಷಿಸಿದವರಾರು? ಅರಿಶಿನದ ಕೊಂಬಿಗಿರುವ ರಕ್ಷಣೆ ಮನುಷ್ಯನ ಉಸಿರಿಗೆ ಬೇಡವೆ?

ಜೈನ ತರ್ಕವು ಇಲ್ಲಿ ಒಂದು ಉಪಯುಕ್ತವಾದ ಭೇದವನ್ನು ಕಲಿಸುತ್ತದೆ. ವಸ್ತುವಿನ ಒಂದು ಅಂಶವನ್ನು ಹಿಡಿದು, ಉಳಿದ ಅಂಶಗಳನ್ನು ಅಲ್ಲಗಳೆಯದೆ ನುಡಿಯುವುದು ನಯ. ಆ ಒಂದಂಶವೇ ಸಮಸ್ತವೆಂದು ಸಾಧಿಸುವುದು ದುರ್ನಯ. ದೇಹಸ್ಥೈರ್ಯದ ಅಂಕವು ತನ್ನ ಮಿತಿಯಲ್ಲಿದ್ದಾಗ ಉತ್ತಮವಾದ ನಯ. ರೋಗಿಯ ಪೂರ್ವಸ್ಥಿತಿ, ಆಸರೆಯ ಆಯುಷ್ಯ, ದಾರಿಯ ದೂರ, ಅವನ ಸ್ವಂತ ಇಚ್ಛೆ ಇವೆಲ್ಲವನ್ನೂ ತಳ್ಳಿಹಾಕಿ ಒಂದಂಕವೇ ಪ್ರಮಾಣವೆಂದಾಗ ಅದು ದುರ್ನಯ. ಅಂಕೆಗಳೆಲ್ಲ ಪಾಶ್ಚಾತ್ಯರ ಮೋಸ, ನಾಡಿ ಹಿಡಿದರೆ ಸಾಕು ಎಂದು ಜಂಬ ಕೊಚ್ಚುವವರ ಮಾತೂ ಅಷ್ಟೇ ದುರ್ನಯವೆಂಬುದನ್ನು ಮರೆಯುವಂತಿಲ್ಲ. ಅವರ ಕೈಯಲ್ಲಿ ಸತ್ತವರ ಲೆಕ್ಕವನ್ನು ಬರೆದಿಟ್ಟವರೇ ಇಲ್ಲ.

ಆದುದರಿಂದ ಮಾಡಬೇಕಾದುದು ಸ್ಪಷ್ಟ. ಅಂಕದ ಪಕ್ಕದಲ್ಲಿ ರೋಗಿಯ ಮುಂಚಿನ ಅಳತೆಗಳನ್ನು ಬರೆಯತಕ್ಕದ್ದು. ಆಸರೆಯಲ್ಲಿರುವವನ ತಖ್ತೆಯ ಮೇಲೆ ಆ ಆಸರೆ ಇನ್ನೆಷ್ಟು ಗಂಟೆ ನಡೆಯುವುದೆಂಬುದನ್ನೂ, ಅದಕ್ಕೆ ಹೊಣೆಯಾದವರ ಹೆಸರನ್ನೂ ನಮೂದಿಸತಕ್ಕದ್ದು. ಅಂಕದ ಅರ್ಥವನ್ನು ಮನೆಯವರಿಗೆ ಅವರ ಮಾತಿನಲ್ಲಿ ತಿಳಿಸತಕ್ಕದ್ದು. ಮಾದರಿಯನ್ನು ಈ ಜಿಲ್ಲೆಯ ರೋಗಿಗಳ ಮೇಲೆಯೇ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸತಕ್ಕದ್ದು. ಅಂಕ ಒಂದನ್ನೇ ನೆಪಮಾಡಿ ಯಾರ ಚಿಕಿತ್ಸೆಯನ್ನೂ ನಿಲ್ಲಿಸಕೂಡದು. ಇವುಗಳಲ್ಲಿ ಮೊದಲ ಮೂರಕ್ಕೆ ಬೇಕಾದ ಖರ್ಚು ಒಂದು ಪೆನ್ಸಿಲಿನದು. ದಾನಿಗಳು ಆಸ್ಪತ್ರೆಗೆ ಯಂತ್ರಗಳನ್ನು ಕೊಟ್ಟು ಹೆಸರಿನ ಫಲಕ ಹಾಕಿಸುವ ಮುನ್ನ, ಈ ಪೆನ್ಸಿಲು ಓಡುತ್ತಿದೆಯೇ ಎಂದು ವಿಚಾರಿಸಿದರೆ ಹೆಚ್ಚಿನ ಪುಣ್ಯ.

ಚಾಮರಾಜನಗರವು ಅರಿಕುಠಾರವೆನಿಸಿದ್ದ ಕಾಲದಲ್ಲಿ, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಅಲ್ಲಿ ಬಸದಿಯನ್ನು ಕಟ್ಟಿಸಿದನು. ಯುದ್ಧದಿಂದ ಕೆಟ್ಟ ವರ್ತಕರಿಗೂ, ಬಿತ್ತನೆಗೆ ಬೀಜವಿಲ್ಲದ ಒಕ್ಕಲಿಗರಿಗೂ, ಅಧಿಕಾರ ಕಳೆದುಕೊಂಡ ಕಿರಾತನಾಯಕರಿಗೂ ಅವರವರು ಕಳೆದುಕೊಂಡುದನ್ನೇ ಕೊಟ್ಟು ಆತನು ಕಾಪಾಡಿದನೆಂದು ಅಲ್ಲಿನ ಶಾಸನ ಸಾರುತ್ತದೆ. ಪುಣಿಸನು ದಂಡನಾಯಕ, ಲೆಕ್ಕ ಬಾರದವನಲ್ಲ. ಆದರೆ ಕೆಟ್ಟವರನ್ನೆಲ್ಲ ಒಂದೇ ಮೊತ್ತಕ್ಕೆ ಕೂಡಿಸಿ, ಇಂತಿಷ್ಟು ಅಂಕಕ್ಕಿಂತ ಮೇಲೆ ಹೋದವರನ್ನು ಕೈಬಿಡಲಿಲ್ಲ. ಯಾರಿಗೆ ಏನು ಕೊರತೆಯಾಗಿದೆ ಎಂದು ನೋಡಿದನು. ವರ್ತಕನಿಗೆ ಬೀಜವನ್ನೂ ಒಕ್ಕಲಿಗನಿಗೆ ಅಧಿಕಾರವನ್ನೂ ಕೊಡಲಿಲ್ಲ. ಒಂಬೈನೂರು ವರ್ಷಗಳ ಹಿಂದೆ ಅದೇ ಊರಿನಲ್ಲಿ ಕಲ್ಲಿನ ಮೇಲೆ ಬರೆದಿಟ್ಟ ಈ ಲೆಕ್ಕವನ್ನು ಇಂದು ಹಾಸಿಗೆಯ ಬಳಿಯ ತಖ್ತೆಯ ಮೇಲೆ ಬರೆಯಲು ಅಡ್ಡಿಯೇನು?